ಸಣ್ಣ ಉದ್ಯಮಕ್ಕೆ ನ್ಯಾಯದ ಸಾಲ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೈವಳಿಕೆ, ಎಣ್ಮಕಜೆ, ಮುಳಿಯಾರು ಕಡೆಗಳಲ್ಲಿ ಹಾಳೆತಟ್ಟೆ, ಹಪ್ಪಳ, ಹೊಲಿಗೆ, ಹೈನು, ಚಹಾದಂಗಡಿ ನಡೆಸುವವರಿಗೂ ಹೊಸದಾಗಿ ಶುರು ಮಾಡುವವರಿಗೂ ಈ ಪುಟ. ಇಲ್ಲಿ ಲೆಕ್ಕಕ್ಕೆ ಕೊಟ್ಟ ಬಡ್ಡಿದರಗಳು ಉದಾಹರಣೆ ಮಾತ್ರ. ನಿಮ್ಮ ಶಾಖೆಯ ಇಂದಿನ ದರವನ್ನು ಅಲ್ಲೇ ಕೇಳಿ, ಬರೆಸಿಕೊಳ್ಳಿ.

ಊರಿನ ಸಾಲ ಸಂಸ್ಥೆಗಳು ಎಂದರೆ ಯಾವುವು?

ನಮ್ಮ ಜಿಲ್ಲೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಪಂಚಾಯತು ಮಟ್ಟದ ಸೇವಾ ಸಹಕಾರಿ ಬ್ಯಾಂಕುಗಳು ಮತ್ತು ಇತರ ಸಹಕಾರಿ ಸಂಘಗಳು ಒಂದು. ಸರಕಾರಿ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ನೆರೆಕರೆ ಕೂಟ (ನೆರೆಹೊರೆಯ ಹೆಂಗಸರ ಉಳಿತಾಯ ಗುಂಪು) ಮತ್ತು ಅದರ ಮೂಲಕ ಬರುವ ಬ್ಯಾಂಕ್ ಸಾಲ ಇನ್ನೊಂದು. ಮೂರನೆಯದು ಕೇರಳ ಗ್ರಾಮೀಣ ಬ್ಯಾಂಕ್ ಮತ್ತು ಕೇರಳ ಬ್ಯಾಂಕ್. ಹಿಂದಿನ ಕಾಸರಗೋಡು ಜಿಲ್ಲಾ ಸಹಕಾರಿ ಬ್ಯಾಂಕ್ 2019ರಲ್ಲಿ ಕೇರಳ ಬ್ಯಾಂಕಿನೊಳಗೆ ಸೇರಿತು. ನಾಲ್ಕನೆಯದು ಸ್ವಸಹಾಯ ಸಂಘ ಕಟ್ಟಿ ಬ್ಯಾಂಕಿನ ಹಣ ಕೊಡಿಸುವ ಸಂಸ್ಥೆಗಳು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಸಂಘಗಳು ಈ ಬಗೆಯವು. ಇಲ್ಲಿ ಹಣ ಬ್ಯಾಂಕಿನದು, ಸಂಸ್ಥೆ ನಡುವಿನ ಪ್ರತಿನಿಧಿ. ಹಾಗಾಗಿ ಸಹಿ ಹಾಕುವ ಮೊದಲು ಸಾಲ ಯಾವ ಬ್ಯಾಂಕಿನದು ಎಂದು ಕಾಗದದಲ್ಲಿ ನೋಡಿಕೊಳ್ಳಿ.

ಮೈಕ್ರೋಫೈನಾನ್ಸ್ ಕಂಪೆನಿಗಳು ಮನೆಬಾಗಿಲಿಗೆ ಬರುತ್ತವೆ, ಗುಂಪು ಮಾಡಿಸುತ್ತವೆ, ವಾರದ ಸಭೆ ಕರೆಯುತ್ತವೆ. ಹೊರನೋಟಕ್ಕೆ ನೆರೆಕರೆ ಕೂಟದಂತೆಯೇ. ಆದರೆ ಅಲ್ಲಿ ಬಡ್ಡಿಯ ಲಾಭ ಗುಂಪಿಗೆ ಮರಳುವುದಿಲ್ಲ.

ಮೊದಲು ಯಾರ ಬಳಿ ಹೋಗಬೇಕು?

ಹಣ ಯಾವುದಕ್ಕೆ, ಎಷ್ಟು ದಿನಕ್ಕೆ ಬೇಕು ಎಂಬುದರ ಮೇಲೆ ಅದು ನಿಂತಿದೆ. ಹತ್ತಿಪ್ಪತ್ತು ಸಾವಿರದ ತುರ್ತಿಗೆ ನೆರೆಕರೆ ಕೂಟದ ಒಳಸಾಲ (ಕೂಟದ ಸ್ವಂತ ಉಳಿತಾಯದಿಂದ ಕೊಡುವ ಸಾಲ) ಸಾಕು. ಐವತ್ತು ಸಾವಿರದಿಂದ ಎರಡು ಮೂರು ಲಕ್ಷದವರೆಗೆ ಸಿ.ಡಿ.ಎಸ್. (ಕುಟುಂಬಶ್ರೀಯ ಪಂಚಾಯತು ಮಟ್ಟದ ಸಮಿತಿ) ಮೂಲಕ ಬ್ಯಾಂಕಿನಿಂದ ಕೂಟಕ್ಕೆ ಬರುವ ಲಿಂಕೇಜ್ ಸಾಲ, ಗ್ರಾಮೀಣ ಬ್ಯಾಂಕಿನ ಮುದ್ರಾ ಸಾಲ, ಸೇವಾ ಸಹಕಾರಿ ಬ್ಯಾಂಕಿನ ವ್ಯಾಪಾರ ಸಾಲ, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ದೊಡ್ಡ ಯಂತ್ರದ ಯೋಜನೆಯಾದರೆ ಸಬ್ಸಿಡಿ ಯೋಜನೆಯೊಂದಿಗೆ ಬ್ಯಾಂಕಿಗೇ ಹೋಗುವುದು ಒಳ್ಳೆಯದು.

ಮ್ಯಾನೇಜರರು ಪರಿಚಯದವರು, ಅಧ್ಯಕ್ಷರು ನಮ್ಮ ವಾರ್ಡಿನವರು ಎಂಬುದು ಅರ್ಜಿ ಬೇಗ ಸಾಗಲು ನೆರವಾಗಬಹುದು, ಸಾಲವನ್ನು ಅಗ್ಗವಾಗಿಸುವುದಿಲ್ಲ. ಕನಿಷ್ಠ ಎರಡು ಕಡೆಯ ದರ, ಶುಲ್ಕ, ಕಂತು ಬರೆಸಿಕೊಂಡ ಮೇಲೆಯೇ ತೀರ್ಮಾನಿಸಿ.

ಸೇವಾ ಸಹಕಾರಿ ಬ್ಯಾಂಕ್ ಎಂದು ಬೋರ್ಡಿದೆ. ಅದು ಬ್ಯಾಂಕ್ ತಾನೇ?

ಕಾನೂನಿನ ಲೆಕ್ಕದಲ್ಲಿ ಅದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. 1969ರ ಕೇರಳ ಸಹಕಾರಿ ಸಂಘಗಳ ಕಾಯ್ದೆಯಡಿ ಸಹಕಾರಿ ರಿಜಿಸ್ಟ್ರಾರರ ಅಧೀನದಲ್ಲಿ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ಪರವಾನಗಿಯಡಿ ಅಲ್ಲ. ಇದರಿಂದ ಸಾಲಗಾರರಿಗೆ ಆಗುವ ವ್ಯತ್ಯಾಸ ಎರಡು. ಸಾಲದ ಮುಖ್ಯಾಂಶ ಪತ್ರ (ದರ, ಶುಲ್ಕ, ಕಂತು ಒಂದೇ ಕಡೆ ಬರೆದ ಪತ್ರ) ಕೊಡಲೇಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ, ನೀವಾಗಿಯೇ ಕೇಳಿ ಪಡೆಯಬೇಕು. ದೂರಿನ ದಾರಿಯೂ ಬೇರೆ. ಠೇವಣಿ ಇಡುವವರಿಗೆ ಮೂರನೆಯ ವ್ಯತ್ಯಾಸವೂ ಇದೆ: ಬ್ಯಾಂಕ್ ಠೇವಣಿಗಳಿಗಿರುವ 5 ಲಕ್ಷ ರೂ.ಗಳ ಡಿ.ಐ.ಸಿ.ಜಿ.ಸಿ. ವಿಮೆ ಇಲ್ಲಿಲ್ಲ, ಬದಲಿಗೆ ರಾಜ್ಯದ ಸಹಕಾರಿ ಠೇವಣಿ ಖಾತರಿ ನಿಧಿ ಇದೆ. ಕೇರಳ ಬ್ಯಾಂಕ್ ಮಾತ್ರ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ರಾಜ್ಯ ಸಹಕಾರಿ ಬ್ಯಾಂಕ್.

ಇಷ್ಟಾದರೂ ಊರಿನ ಸಹಕಾರಿ ಸಂಘವನ್ನು ಬದಿಗಿಡಬೇಕಾಗಿಲ್ಲ. ಅಡಿಕೆ ಕೊಯ್ಲಿನ ಹಣ ಯಾವಾಗ ಬರುತ್ತದೆ, ಮಳೆಗಾಲದಲ್ಲಿ ಯಾವ ವ್ಯಾಪಾರ ಮಲಗುತ್ತದೆ ಎಂಬುದು ಅಲ್ಲಿನ ಸಿಬ್ಬಂದಿಗೆ ಹೇಳದೆಯೇ ಗೊತ್ತು. ಆ ತಿಳಿವಳಿಕೆ ಕಂತಿನ ದಿನಾಂಕ ಗೊತ್ತುಮಾಡುವಾಗ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರ ಮಾತ್ರ ಇರಲಿ. 2021ರಲ್ಲಿ ಬಯಲಾದ ತ್ರಿಶೂರ್ ಜಿಲ್ಲೆಯ ಕರುವನ್ನೂರು ಪ್ರಕರಣದಲ್ಲಿ, ಅಡವಿಟ್ಟ ಆಸ್ತಿಯ ಮೇಲೆ ಮಾಲಿಕರಿಗೆ ತಿಳಿಯದಂತೆ ಬೇರೆ ಸಾಲ ಎಬ್ಬಿಸಲಾಗಿತ್ತು ಎಂಬ ದೂರುಗಳಿದ್ದವು. ವರ್ಷಕ್ಕೊಮ್ಮೆ ನಿಮ್ಮ ಸದಸ್ಯತ್ವ ಸಂಖ್ಯೆಯಲ್ಲಿರುವ ಎಲ್ಲ ಸಾಲ ಮತ್ತು ಜಾಮೀನುಗಳ ವಿವರವನ್ನು ಬರಹದಲ್ಲಿ ಕೇಳಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ.

ಸಾಲಕ್ಕೆ ಮೊದಲು ಸದಸ್ಯತ್ವ ಬೇಕು. ಸಂಘದ ಕಾರ್ಯವ್ಯಾಪ್ತಿಯಲ್ಲಿ ವಾಸವಿರುವವರಿಗೆ ಎ ವರ್ಗದ ಸದಸ್ಯತ್ವ ಸಿಗುತ್ತದೆ. ಸಾಲದ ಮೊತ್ತಕ್ಕೆ ತಕ್ಕಂತೆ ಷೇರು ಹಣ ಕಡಿತವಾಗುವುದುಂಟು. ಅದು ಎಷ್ಟು, ಸಾಲ ತೀರಿದ ಮೇಲೆ ಹಿಂದಕ್ಕೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ಬಡ್ಡಿ 12 ಶೇಕಡ ಎಂದು ಇಬ್ಬರೂ ಹೇಳುತ್ತಾರೆ, ಕಂತು ಮಾತ್ರ ಬೇರೆ ಬೇರೆ. ಯಾಕೆ?

ಒಬ್ಬರು ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತಾರೆ, ಇನ್ನೊಬ್ಬರು ಫ್ಲಾಟ್ ಲೆಕ್ಕದಲ್ಲಿ ಮೊದಲ ದಿನದ ಪೂರ್ತಿ ಅಸಲಿಗೆ ಕೊನೆಯವರೆಗೂ ಬಡ್ಡಿ ಹಾಕುತ್ತಾರೆ. 1 ಲಕ್ಷ ರೂ., 12 ತಿಂಗಳು, ದರ ಶೇಕಡ 12 ಎಂದು ಹಿಡಿಯೋಣ.

ಉಳಿದ ಅಸಲಿನ ಲೆಕ್ಕದಲ್ಲಿ ಮಾಸಿಕ ಕಂತು ಸುಮಾರು 8,885 ರೂ., ಒಟ್ಟು ಬಡ್ಡಿ ಸುಮಾರು 6,620 ರೂ. ಫ್ಲಾಟ್ ಲೆಕ್ಕದಲ್ಲಿ ಬಡ್ಡಿ 12,000, ಕಂತು 9,333 ರೂ. ಎರಡನೆಯದರ ನಿಜವಾದ ವಾರ್ಷಿಕ ದರ ಶೇಕಡ 21 ದಾಟುತ್ತದೆ. ಬೋರ್ಡಿನಲ್ಲಿ ಬರೆದದ್ದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು.

ಇನ್ನು ಕಡಿತಗಳು. ಅದೇ ಫ್ಲಾಟ್ ಸಾಲದಲ್ಲಿ 2 ಶೇಕಡ ಪ್ರೊಸೆಸಿಂಗ್ ಶುಲ್ಕ 2,000, ಅದರ ಮೇಲೆ ಜಿ.ಎಸ್.ಟಿ. 360, ವಿಮೆ 1,000 ಎಂದು ಹಿಡಿದುಕೊಂಡು ನಿಮ್ಮ ಖಾತೆಗೆ 96,640 ರೂ. ಹಾಕಿದರೆ ನಿಜವಾದ ದರ ಶೇಕಡ 28ಕ್ಕೆ ಏರುತ್ತದೆ. ಕಂತು ಕಟ್ಟುವುದು ಒಂದು ಲಕ್ಷಕ್ಕೆ, ಕೈಗೆ ಬಂದದ್ದು ಅದಕ್ಕಿಂತ ಕಡಿಮೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ: ನನ್ನ ಖಾತೆಗೆ ಎಷ್ಟು ಬರುತ್ತದೆ? ಕಂತು ಎಷ್ಟು? ಎಷ್ಟು ಕಂತು? ಈ ಮೂರು ಸಂಖ್ಯೆ ಸಿಕ್ಕಿದರೆ ಅಕ್ಷಯ ಕೇಂದ್ರದವರೋ ಕಾಲೇಜಿಗೆ ಹೋಗುವ ಮಕ್ಕಳೋ ಕಂಪ್ಯೂಟರಿನಲ್ಲಿ ನಿಜವಾದ ದರ ಹಾಕಿಕೊಡುತ್ತಾರೆ. ಉತ್ತರ ಕೊಡಲು ಹಿಂಜರಿಯುವ ಕಡೆ ಸಾಲ ಬೇಡ.

ದಿನಕ್ಕೆ ನೂರು ರೂಪಾಯಿಯ ಕಲೆಕ್ಷನ್ ಸಾಲ ಹಗುರವಲ್ಲವೇ?

9,000 ರೂ. ಕೈಗೆ ಕೊಟ್ಟು ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡುವ ಸಾಲದ ವಾರ್ಷಿಕ ದರ ಶೇಕಡ 77ರ ಆಸುಪಾಸು. ಸಾವಿರ ರೂಪಾಯಿ ಬಡ್ಡಿ ಸಣ್ಣದಾಗಿ ಕಾಣುತ್ತದೆ, ಏಕೆಂದರೆ ಅಸಲು ದಿನದಿನಕ್ಕೂ ಮರಳುತ್ತಿರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೀನು, ತರಕಾರಿ ವ್ಯಾಪಾರಿಗಳು ಇದಕ್ಕೆ ಬೀಳುವುದು ಬೆಳಗ್ಗೆ ಹಣ ಬೇಕು ಎಂಬ ಕಾರಣಕ್ಕೆ. ಅವರ ಅಗತ್ಯಕ್ಕೆ ಸರಿಯಾದದ್ದು ಬ್ಯಾಂಕಿನ ಸಣ್ಣ ಕ್ಯಾಶ್ ಕ್ರೆಡಿಟ್ ಮಿತಿ (ಬೇಕಾದಾಗ ತೆಗೆದು, ಹಣ ಬಂದಾಗ ಕಟ್ಟುವ ಸಾಲ) ಅಥವಾ 50,000ದೊಳಗಿನ ಮುದ್ರಾ ಶಿಶು ಸಾಲ.

ಪರವಾನಗಿಯಿಲ್ಲದ ಬ್ಲೇಡ್ ಬಡ್ಡಿಯವರ ವಿರುದ್ಧ ಕೇರಳದಲ್ಲಿ 1958ರ ಹಣ ಲೇವಾದೇವಿ ಕಾಯ್ದೆಯೂ, ವಿಪರೀತ ಬಡ್ಡಿ ನಿಷೇಧಿಸುವ 2012ರ ಕಾಯ್ದೆಯೂ ಇವೆ. ಬಡ್ಡಿಕೋರರ ವಿರುದ್ಧ 2014ರ ಪೊಲೀಸ್ ಕಾರ್ಯಾಚರಣೆ, ಆಪರೇಷನ್ ಕುಬೇರ, ನಡೆದದ್ದು ಇವುಗಳ ಬಲದಲ್ಲಿಯೇ. ದೂರು ಪೊಲೀಸ್ ಠಾಣೆಗೆ.

ಸಾಲದ ಮುಖ್ಯಾಂಶ ಪತ್ರ ಎಂದರೇನು?

2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಕಂಪೆನಿಗಳು ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮದ ಅವಧಿ ಸಾಲಗಳಿಗೂ ಕೊಡಲೇಬೇಕಾದ ಪತ್ರ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ, ಕಂತಿನ ಪಟ್ಟಿ, ದೂರು ಕೊಡಬೇಕಾದ ಅಧಿಕಾರಿಯ ವಿವರ ಅದರಲ್ಲಿರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲಕ್ಕೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಸೇರಿಸುವಂತಿಲ್ಲ. ಇವತ್ತೇ ಸಹಿ ಹಾಕಿ, ನಾಳೆ ಸ್ಕೀಮ್ ಮುಗಿಯುತ್ತದೆ ಎಂದರೆ ಎದ್ದು ಬನ್ನಿ.

ಎಷ್ಟು ಸಾಲ ಕೇಳಬೇಕು? ಹೆಚ್ಚು ಕೇಳಿದರೆ ಸ್ವಲ್ಪ ಕಡಿಮೆಯಾದರೂ ಸಿಗುತ್ತದಲ್ಲ?

ಹಾಗೆ ಕೇಳಿದ ಅರ್ಜಿಯಲ್ಲಿ ಲೆಕ್ಕ ಕೂಡುವುದಿಲ್ಲ. ಮ್ಯಾನೇಜರರಿಗೆ ಮೊದಲ ನೋಟಕ್ಕೇ ಅದು ಗೊತ್ತಾಗುತ್ತದೆ. ಹಾಳೆತಟ್ಟೆ ಘಟಕವೊಂದರ ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಊಹೆಯವು, ಕ್ರಮ ಮಾತ್ರ ಇದೇ.

ಯಂತ್ರ, ಅಚ್ಚು, ವಿದ್ಯುತ್ ಜೋಡಣೆ ಸೇರಿ 2,40,000 ರೂ. ನಿಮ್ಮ ಪಾಲು 10 ಶೇಕಡ ಎಂದರೆ 24,000. ಉಳಿದ 2,16,000 ಅವಧಿ ಸಾಲ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು, ಘಟಕ ಮೊದಲ ಮಳೆಗಾಲದಲ್ಲಿ ನಿಲ್ಲುವುದೂ ಇದರಿಂದಲೇ. ಅಡಿಕೆ ಹಾಳೆ ಬೀಳುವುದು ಬೇಸಗೆಯಲ್ಲಿ. ಮಳೆ ಹಿಡಿದ ಮೇಲೆ ತೋಟದಲ್ಲಿ ಸಿಗುವ ಹಾಳೆ ಒದ್ದೆ, ಬೂಸಲು. ತಟ್ಟೆಯಲ್ಲಿ ಕಪ್ಪು ಚುಕ್ಕೆ ಬಂದರೆ ಕೊಳ್ಳುವವರು ವಾಪಸು ಕಳಿಸುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಂತ್ರ ಓಡಬೇಕಾದರೆ ಮೇ ಮುಗಿಯುವ ಮೊದಲು ಒಣಹಾಳೆ ಅಟ್ಟದಲ್ಲಿರಬೇಕು. ತಿಂಗಳಿಗೆ 10,000 ತಟ್ಟೆ, ಒಂದು ಹಾಳೆಗೆ ಎರಡು ತಟ್ಟೆ ಎಂದರೆ ತಿಂಗಳಿಗೆ 5,000 ಹಾಳೆ, ಐದು ತಿಂಗಳಿಗೆ 25,000. ಒಂದಕ್ಕೆ 2 ರೂ. ಬಿದ್ದರೆ 50,000 ರೂ. ಹಾಳೆಯಲ್ಲೇ ಕೂತಿತು. ತಟ್ಟೆ 3 ರೂ.ಗೆ ಮಾರಿದರೆ ತಿಂಗಳ ವ್ಯಾಪಾರ 30,000. ಮಂಗಳೂರಿನ ಸಗಟು ವ್ಯಾಪಾರಿ 45 ದಿನ ಬಿಟ್ಟು ಹಣ ಕೊಟ್ಟರೆ ಇನ್ನೂ 45,000 ಹೊರಗೆ. ಅಂದರೆ ದುಡಿಯುವ ಬಂಡವಾಳ 95,000 ರೂ. ಬೇಕು.

ಇದನ್ನು ಅವಧಿ ಸಾಲದೊಳಗೆ ಸೇರಿಸಬೇಡಿ, ಕ್ಯಾಶ್ ಕ್ರೆಡಿಟ್ ಮಿತಿಯಾಗಿ ಬೇರೆ ಕೇಳಿ. ಬಳಸಿದಷ್ಟು ಮೊತ್ತಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಬ್ಯಾಂಕುಗಳು ಸಣ್ಣ ಉದ್ಯಮಕ್ಕೆ ಬಳಸುವ ಸರಳ ಸೂತ್ರ ವರ್ಷದ ಅಂದಾಜು ವ್ಯಾಪಾರದ 20 ಶೇಕಡ. ಇಲ್ಲಿ ವ್ಯಾಪಾರ 3,60,000, ಮಿತಿ 72,000. ಕಡಿಮೆ ಬೀಳುವ 23,000ವನ್ನು ನಿಮ್ಮ ಕೈಯಿಂದ ಅಥವಾ ನೆರೆಕರೆ ಕೂಟದ ಒಳಸಾಲದಿಂದ ತುಂಬಿಸಬೇಕು. ಹಾಳೆ ಸಂಗ್ರಹದ ಲೆಕ್ಕ ಬರಹದಲ್ಲಿ ತೋರಿಸಿ ಹೆಚ್ಚು ಮಿತಿ ಕೇಳಲೂಬಹುದು.

ಇನ್ನು ಕಂತು. ಶೇಕಡ 11ರಂತೆ 2,16,000ಕ್ಕೆ ಮೂರು ವರ್ಷವಾದರೆ ತಿಂಗಳಿಗೆ ಸುಮಾರು 7,070, ಐದು ವರ್ಷವಾದರೆ ಸುಮಾರು 4,700. ತಿಂಗಳ 30,000ದಲ್ಲಿ ಹಾಳೆ 10,000, ವಿದ್ಯುತ್ 2,500, ಕೂಲಿ 5,000, ಸಾಗಾಟ ಇತ್ಯಾದಿ 1,500, ಮನೆಗೆ ತೆಗೆಯುವುದು 4,000 ಹೋದರೆ ಉಳಿಯುವುದು 7,000. ಉಳಿಕೆ ಕಂತಿನ ಸುಮಾರು ಒಂದೂವರೆ ಪಟ್ಟು ಇರಬೇಕು. ಆ ಲೆಕ್ಕಕ್ಕೆ ಐದು ವರ್ಷದ ಕಂತು ಮಾತ್ರ ತಾಳುತ್ತದೆ. ಬಡ್ಡಿ ಒಟ್ಟಿನಲ್ಲಿ ಸುಮಾರು 27,000 ಹೆಚ್ಚು ಹೋಗುತ್ತದೆ ನಿಜ, ಆದರೆ ಒಂದು ತಿಂಗಳು ಯಂತ್ರ ಕೆಟ್ಟರೂ ಕಂತು ತಪ್ಪುವುದಿಲ್ಲ. ವ್ಯಾಪಾರ ಕುದುರಿದ ಮೇಲೆ ಮೊದಲೇ ಕಟ್ಟಿ ಮುಗಿಸಬಹುದು. 2026ರ ಜನವರಿ 1ರಿಂದ ಮಂಜೂರಾದ, ಬದಲಾಗುವ ಬಡ್ಡಿದರದ ಸಣ್ಣ ಉದ್ಯಮ ಸಾಲಗಳಲ್ಲಿ 50 ಲಕ್ಷದವರೆಗೆ ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕುಗಳು ಮುಂಗಡ ಪಾವತಿಗೆ ದಂಡ ಹಾಕುವಂತಿಲ್ಲ. ದರ ಸ್ಥಿರವೋ ಬದಲಾಗುವುದೋ ಎಂದು ಸಹಿಗೆ ಮೊದಲು ನೋಡಿಕೊಳ್ಳಿ.

ನೆರೆಕರೆ ಕೂಟದ ಮೂಲಕ ಬ್ಯಾಂಕ್ ಸಾಲ ಹೇಗೆ ಸಿಗುತ್ತದೆ?

ಕೂಟ ಕನಿಷ್ಠ ಆರು ತಿಂಗಳು ಸರಿಯಾಗಿ ನಡೆದಿರಬೇಕು. ಬ್ಯಾಂಕ್ ನೋಡುವುದು ಐದು ಸಂಗತಿ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲದ ಓಡಾಟ, ಸಕಾಲದ ಮರುಪಾವತಿ, ಪೂರ್ತಿ ಬರೆದ ಪುಸ್ತಕ. ಕೊನೆಯದರಲ್ಲೇ ಹೆಚ್ಚಿನ ಅರ್ಜಿಗಳು ಎಡವುತ್ತವೆ. ಉಳಿತಾಯ ಪಾಸ್‌ಬುಕ್ಕಿನಲ್ಲಿ ಇರುತ್ತದೆ, ಮಿನಿಟ್ಸ್ ಪುಸ್ತಕದಲ್ಲಿ ಮೂರು ತಿಂಗಳ ಸಭೆಯೇ ಇರುವುದಿಲ್ಲ. ಕೂಟಕ್ಕೆ ಅಂಕ ಹಾಕುವ ಗ್ರೇಡಿಂಗಿನ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ತುಂಬಿಸಿದ ಪುಸ್ತಕವನ್ನು ಗುರುತಿಸುವುದು ಬ್ಯಾಂಕಿನವರಿಗೆ ಕಷ್ಟವಲ್ಲ.

ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್ ನಿಯಮದಲ್ಲಿ ಮೊದಲ ಸಾಲ ಕೂಟದ ಒಟ್ಟು ನಿಧಿಯ ಆರು ಪಟ್ಟು ಅಥವಾ ಕನಿಷ್ಠ 1.5 ಲಕ್ಷ, ಯಾವುದು ಹೆಚ್ಚೋ ಅದು. ಎರಡನೆಯದು ಎಂಟು ಪಟ್ಟು ಅಥವಾ ಕನಿಷ್ಠ 3 ಲಕ್ಷ. 10 ಲಕ್ಷದವರೆಗೆ ಯಾವ ಆಸ್ತಿ ಜಾಮೀನೂ ಕೇಳುವಂತಿಲ್ಲ, ಕೂಟದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತೆಯೂ ಇಲ್ಲ.

ಸಾಲ ಕೂಟದ ಹೆಸರಿನಲ್ಲಿ, ಹೊಣೆ ಎಲ್ಲರದು. ಅಪಾಯ ಇರುವುದು ಹಂಚಿಕೆಯಲ್ಲಿ. ಇಪ್ಪತ್ತು ಮಂದಿಗೆ ಸಮಪಾಲು ಮಾಡಿದಾಗ, ಅಗತ್ಯವಿಲ್ಲದವರು ತಮ್ಮ ಪಾಲನ್ನು ಅಗತ್ಯವಿರುವವರಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಡುತ್ತಾರೆ. ಕಂತು ತಪ್ಪಿದ ದಿನ ಹಣ ಬಳಸದವರ ಹೆಸರು ಬಾಕಿ ಪಟ್ಟಿಯಲ್ಲಿರುತ್ತದೆ. ಅಕ್ಕಪಕ್ಕದ ಮನೆಯವರು ಮಾತು ಬಿಡುತ್ತಾರೆ. ಯಾರಿಗೆ ಎಷ್ಟು ಬೇಕೋ ಅಷ್ಟೇ ಅವರ ಹೆಸರಿನಲ್ಲೇ ಬರೆದು, ಎಲ್ಲರೂ ಸಹಿ ಹಾಕಿದ ನಿರ್ಣಯ ಮಾಡಿಕೊಳ್ಳಿ. ಉದ್ಯಮ ಶುರು ಮಾಡುವವರಿಗೆ ಯೋಜನೆ ಬರೆದುಕೊಡಲು ಕುಟುಂಬಶ್ರೀಯ ಸೂಕ್ಷ್ಮ ಉದ್ಯಮ ಸಲಹೆಗಾರರಿದ್ದಾರೆ, ಸಿ.ಡಿ.ಎಸ್. ಕಚೇರಿಯಲ್ಲಿ ಕೇಳಿ.

ಚಿಟ್ಟಿ ಹಿಡಿದು ಬಂಡವಾಳ ಮಾಡಬಹುದೇ?

ಮಾಡಬಹುದು, ಸಮಯಕ್ಕೆ ಸಿಗುತ್ತದೆ ಎಂಬ ಭರವಸೆ ಇಲ್ಲದೆ. 20 ಮಂದಿ, ತಿಂಗಳಿಗೆ 5,000, ಒಟ್ಟು 1 ಲಕ್ಷದ ಚಿಟ್ಟಿ. ಮೂರನೆಯ ತಿಂಗಳು 20 ಶೇಕಡ ಬಿಟ್ಟು ಕೂಗಿದರೆ ನಿಮಗೆ 80,000. ಬಿಟ್ಟ 20,000ದಲ್ಲಿ ಫೋರ್‌ಮನ್ (ಚಿಟ್ಟಿ ನಡೆಸುವವರು) ಕಮಿಷನ್ 5 ಶೇಕಡ ಎಂದರೆ 5,000 ಹೋಗಿ, 15,000 ಎಲ್ಲರಿಗೂ ತಲಾ 750ರಂತೆ ಹಂಚಿಕೆಯಾಗುತ್ತದೆ. ಜಿ.ಎಸ್.ಟಿ. ಬೇರೆ. ಬೇಗ ಕೂಗಿದಷ್ಟೂ ಅದು ಸಾಲ, ತಡವಾದಷ್ಟೂ ಉಳಿತಾಯ.

ಹಲವರು ಮರೆಯುವುದು ಇದನ್ನು: ಚಿಟ್ಟಿ ಹಿಡಿದ ಕೂಡಲೇ ಹಣ ಕೈಗೆ ಬರುವುದಿಲ್ಲ. ಉಳಿದ ಕಂತುಗಳಿಗೆ ವೇತನ ಪತ್ರದ ಜಾಮೀನು, ಆಸ್ತಿ, ಚಿನ್ನ ಅಥವಾ ಠೇವಣಿ ಕೊಡಬೇಕು. ಸರಕಾರಿ ಸ್ವಾಮ್ಯದ ಚಿಟ್ಟಿ ಸಂಸ್ಥೆ ಕೆ.ಎಸ್.ಎಫ್.ಇ.ಯಲ್ಲೂ ಹಾಗೆಯೇ. ನೋಂದಣಿಯಿಲ್ಲದ ಊರಿನ ಕುರಿಯಲ್ಲಿ (ಖಾಸಗಿ ಚಿಟ್ಟಿ) ಬಂಡವಾಳದ ಹಣ ಹಾಕಬೇಡಿ. ನಡೆಸುವವರು ಎಷ್ಟೇ ಒಳ್ಳೆಯವರಿದ್ದರೂ ಅವರಿಗೊಂದು ಕಾಯಿಲೆ ಬಂದರೆ ಕುರಿ ಮುಳುಗುತ್ತದೆ.

ಮನೆಯಲ್ಲಿ ಚಿನ್ನವಿದೆ. ಅಡವಿಟ್ಟರೆ ಮುಗಿಯಿತಲ್ಲ?

ಸಂಗ್ರಹ ಖರೀದಿಗೆ, ಮೂರ್ನಾಲ್ಕು ತಿಂಗಳಲ್ಲಿ ಮರಳುವ ಹಣಕ್ಕೆ ಚಿನ್ನದ ಸಾಲ ಒಳ್ಳೆಯದೇ. ಒಂದೇ ದಿನದಲ್ಲಿ ಸಿಗುತ್ತದೆ. ಯಂತ್ರಕ್ಕೆ ಬೇಡ. ಯಂತ್ರದ ಹಣ ಮರಳಲು ವರ್ಷಗಳು ಬೇಕು, ಚಿನ್ನದ ಸಾಲದ ಗಡುವು ಸಾಮಾನ್ಯವಾಗಿ 12 ತಿಂಗಳು. ಗಡುವಿಗೆ ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಾ ಹೋದರೆ ಅಸಲು ಹಾಗೇ ಉಳಿಯುತ್ತದೆ.

ಆಸ್ತಿ ಇಲ್ಲ, ಜಾಮೀನು ನಿಲ್ಲಲು ಯಾರೂ ಇಲ್ಲ. ಸಾಲ ಸಿಗುತ್ತದೆಯೇ?

ಬ್ಯಾಂಕುಗಳಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಸಾಲಕ್ಕೆ 10 ಲಕ್ಷದವರೆಗಂತೂ ಆಸ್ತಿ ಅಡವು ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ಹಳೆಯ ನಿಯಮ. ಮುದ್ರಾದಲ್ಲಿ ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ ಪ್ಲಸ್ 2024ರಲ್ಲಿ ಬಂತು. ಕೌಂಟರಿನಲ್ಲಿ ಆಧಾರ ಪತ್ರ (ಜಾಗದ ಹಕ್ಕುಪತ್ರ) ತನ್ನಿ ಎಂದರೆ, ಯಾವ ನಿಯಮದಡಿ ಬೇಕೆಂದು ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ. ಹೆಚ್ಚಿನ ಸಲ ಮಾತು ಅಲ್ಲಿಗೇ ತಿರುಗುತ್ತದೆ. ಸಾಲದ ಹಣದಿಂದ ಕೊಂಡ ಯಂತ್ರವೇ ಬ್ಯಾಂಕಿಗೆ ಒತ್ತೆಯಾಗಿರುವುದು ಮಾತ್ರ ಸಹಜ. ಸೇವಾ ಸಹಕಾರಿ ಬ್ಯಾಂಕಿಗೆ ಈ ನಿಯಮ ಇಲ್ಲ. ಅಲ್ಲಿ ಇಬ್ಬರ ಜಾಮೀನು ಅಥವಾ ಜಾಗದ ಗಹಾನ್ (ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗುವ ಅಡವು) ಕೇಳುತ್ತಾರೆ.

ಸಬ್ಸಿಡಿ ಸಾಲ ತೆಗೆದರೆ ಮೂರನೇ ಒಂದು ಭಾಗ ಮನ್ನಾ ಎಂಬುದು ನಿಜವೇ?

ಮನ್ನಾ ಅಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ, 2022ರ ಪರಿಷ್ಕೃತ ನಿಯಮದಂತೆ, ತಯಾರಿಕಾ ಘಟಕಕ್ಕೆ 50 ಲಕ್ಷ ಮತ್ತು ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ನೆರವು ಇದೆ. ಗ್ರಾಮೀಣ ಪ್ರದೇಶದಲ್ಲಿ ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರಿಗೆ ಶೇಕಡ 35, ಇತರರಿಗೆ 25. ಸ್ವಂತ ಪಾಲು ಕ್ರಮವಾಗಿ 5 ಮತ್ತು 10 ಶೇಕಡ. ಆ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇದ್ದು, ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಘಟಕ ಮುಚ್ಚಿದರೆ ಇಲ್ಲ. ಆಹಾರ ಸಂಸ್ಕರಣೆಯಾದರೆ, ಹಲಸಿನ ಚಿಪ್ಸ್ ಹಪ್ಪಳ ಉಪ್ಪಿನಕಾಯಿಯಂಥವಕ್ಕೆ, ಪಿ.ಎಂ.ಎಫ್.ಎಂ.ಇ. ಯೋಜನೆಯಲ್ಲಿ ಶೇಕಡ 35, ಗರಿಷ್ಠ 10 ಲಕ್ಷ. ಎರಡಕ್ಕೂ ದಾರಿ ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ತಾಲೂಕು ಕೈಗಾರಿಕಾ ಕಚೇರಿ. ಮಂಜೂರಾತಿಗೆ ಮೊದಲೇ ಯಂತ್ರ ಕೊಂಡವರಿಗೆ ಸಬ್ಸಿಡಿ ತಪ್ಪುತ್ತದೆ. ಮುಂಗಡ ಕೊಟ್ಟು ಬಿಲ್ಲು ಮಾಡಿಸುವ ಆತುರ ಬೇಡ.

ಸಬ್ಸಿಡಿ ಕೊಡಿಸುತ್ತೇವೆ ಎಂದು ಶೇಕಡಾವಾರು ಕೇಳುವ ಏಜೆಂಟರಿಗೆ ಇಲ್ಲಿ ಯಾವ ಕೆಲಸವೂ ಇಲ್ಲ.

ಏನೇನು ಕಾಗದ ಬೇಕು?

ಆಧಾರ್, ಪ್ಯಾನ್, ಆರು ತಿಂಗಳಿಂದ ಒಂದು ವರ್ಷದ ಬ್ಯಾಂಕ್ ವಿವರ, ಯಂತ್ರದ ಕೊಟೇಶನ್, ಉದ್ಯಂ ನೋಂದಣಿ, ಪಂಚಾಯತು ಪರವಾನಗಿ, ಆಹಾರವಾದರೆ ಆಹಾರ ಸುರಕ್ಷಾ ನೋಂದಣಿ, ಕಟ್ಟಡ ಬಾಡಿಗೆಯಾದರೆ ಕರಾರು. ಉದ್ಯಂ ನೋಂದಣಿಗೆ ಸರಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಜಾಗ ಅಡವಿಡುವುದಾದರೆ ಜಾಗದ ಆಧಾರ ಪತ್ರ, ಹಿಂದಿನ ಆಧಾರ ಪತ್ರಗಳು, ತೀರುವೆ ರಶೀದಿ, ಗ್ರಾಮ ಕಚೇರಿಯ ಕೈವಶ ಪತ್ರ, ಕುಡಿಕ್ಕಡ ಎನ್ನುವ ಋಣಭಾರ ಪತ್ರ. ತೊಡಕು ಹೆಚ್ಚಾಗಿ ಹೆಸರಿನಲ್ಲಿ: ಜಾಗದ ಹಳೆಯ ಆಧಾರ ಪತ್ರದಲ್ಲಿ ಕನ್ನಡದ ಹೆಸರು ಒಂದು, ಮಲಯಾಳ ದಾಖಲೆಯಲ್ಲಿ ಇನ್ನೊಂದು ಕಾಗುಣಿತ, ಪ್ಯಾನ್‌ನಲ್ಲಿ ಮೂರನೆಯದು. ಅರ್ಜಿಗೆ ತಿಂಗಳು ಮೊದಲೇ ಗ್ರಾಮ ಕಚೇರಿಯಿಂದ ಒಬ್ಬರೇ ವ್ಯಕ್ತಿ ಎಂಬ ಪ್ರಮಾಣಪತ್ರ ಮಾಡಿಸಿಡಿ.

ಅರ್ಜಿ, ಸಾಲಪತ್ರ ಮಲಯಾಳದಲ್ಲಿದೆ. ಕನ್ನಡದಲ್ಲಿ ಕೇಳಬಹುದೇ?

ಕೇಳಬಹುದು, ಕೇಳಬೇಕು ಕೂಡ. ಮೈಕ್ರೋಫೈನಾನ್ಸ್ ಸಾಲದ ಕಾರ್ಡ್ ಮತ್ತು ಮುಖ್ಯಾಂಶ ಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಲು ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿ ಅವಕಾಶವಿದೆ. ಕನ್ನಡ ಪ್ರತಿ ಸಿಗದಿದ್ದರೆ ಕರಾರಿನ ಮೊತ್ತ, ದರ, ಜಾಮೀನು, ತಪ್ಪಿದರೆ ಏನು ಎಂಬ ನಾಲ್ಕು ಭಾಗವನ್ನಾದರೂ ಮಲಯಾಳ ಬಲ್ಲ ನಂಬಿಕೆಯವರಿಂದ ಓದಿಸಿ. ಓದಿ ಹೇಳುವವರು ಸಾಲ ಕೊಡುವವರ ಕಡೆಯವರಾಗಿರಬಾರದು.

ಗಡಿಯಾಚೆ ಪುತ್ತೂರು, ವಿಟ್ಲ, ಮಂಗಳೂರಿನಲ್ಲಿ ಸಾಲ ತೆಗೆಯಬಹುದೇ?

ಘಟಕ ಇಲ್ಲಿದ್ದರೆ ಅಲ್ಲಿನ ಶಾಖೆ ಬಂದು ನೋಡುವುದು ಕಷ್ಟವೆಂದು ಹಿಂದೆಗೆಯುತ್ತದೆ. ಕರ್ನಾಟಕದ ನಿಗಮಗಳ ಯೋಜನೆ ಅಲ್ಲಿನ ನಿವಾಸಿಗಳಿಗೆ. ಜಾತಿ ಪಟ್ಟಿಯೂ ಎರಡು ರಾಜ್ಯದಲ್ಲಿ ಒಂದೇ ಅಲ್ಲ, ಕೇರಳದ ಪ್ರಮಾಣಪತ್ರವೇ ಬೇಕು. ಕಿರುಸಾಲದ ಕಿರುಕುಳ ತಡೆಗೆ 2025ರಲ್ಲಿ ಕರ್ನಾಟಕ ತಂದ ಕಾನೂನನ್ನು ಮಂಗಳೂರಿನ ಪತ್ರಿಕೆಗಳಲ್ಲಿ ಓದಿ ತಮಗೂ ಅದು ಸಿಗುತ್ತದೆ ಎಂದುಕೊಂಡವರಿದ್ದಾರೆ. ತಲಪಾಡಿಯ ಈಚೆ ಅದು ನಡೆಯುವುದಿಲ್ಲ.

ಸಿಬಿಲ್ ಸರಿಯಿಲ್ಲ ಎಂದು ಅರ್ಜಿ ತಿರುಗಿಸಿದರು. ಇನ್ನೇನು ದಾರಿ?

ಸಿಬಿಲ್ ಎಂದರೆ ನಿಮ್ಮ ಸಾಲ, ಮರುಪಾವತಿಗಳ ದಾಖಲೆ ಇಡುವ ಕಂಪೆನಿ. ಮೊದಲು ಅದರ ವರದಿ ತೆಗೆಯಿರಿ. ನಾಲ್ಕು ಸಾಲಮಾಹಿತಿ ಕಂಪೆನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನೆರೆಹೊರೆಯವರ ಸಾಲಕ್ಕೆ ನಿಂತ ಜಾಮೀನು, ತೀರಿಸಿದರೂ ಮುಚ್ಚದ ಗುಂಪು ಸಾಲ, ಮೊಬೈಲು ಕೊಂಡ ಕಂತಿನ ಬಾಕಿ, ಇವೇ ಸಾಮಾನ್ಯವಾಗಿ ಸಿಗುವ ಕಾರಣ. ತಪ್ಪಿದ್ದರೆ ತಿದ್ದಲು ಅರ್ಜಿ ಕೊಡಿ. 30 ದಿನ ದಾಟಿದರೆ ದಿನಕ್ಕೆ 100 ರೂ. ಪರಿಹಾರದ ನಿಯಮವಿದೆ. ನಿಜವಾದ ಬಾಕಿಯಾದರೆ ತೀರಿಸಿ, ನೆರೆಕರೆ ಕೂಟದ ಸಣ್ಣ ಒಳಸಾಲ ತೆಗೆದು ತಪ್ಪದೆ ಕಟ್ಟಿ ಕೂಟದ ಪುಸ್ತಕದಲ್ಲಿ ಒಂದು ವರ್ಷದ ದಾಖಲೆ ಮಾಡಿಕೊಳ್ಳಿ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳುವುದನ್ನು ಬಿಡಬೇಡಿ. ಬಾಯಿಮಾತಿನ ತಿರಸ್ಕಾರವನ್ನು ಮುಂದೆ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರರ ಮುಂದೆ ಇಡಲು ಬರುವುದಿಲ್ಲ.

ಕಂತು ತಪ್ಪಿತು. ಮನೆಗೆ ಬಂದು ಗಲಾಟೆ ಮಾಡಬಹುದೇ?

ಇಲ್ಲ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಕೊಟ್ಟ ಜಾಮೀನುರಹಿತ ಸಾಲ ಮೈಕ್ರೋಫೈನಾನ್ಸ್ ಸಾಲ. 2022ರ ನಿಯಮದಂತೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರಿಗೆ ಹೇಳಿ ಅವಮಾನ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ. ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ದಂಡ ತಪ್ಪಿದ ಕಂತಿನ ಮೊತ್ತಕ್ಕೆ ಮಾತ್ರ, ಇಡೀ ಸಾಲಕ್ಕಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧ ದಾಟುವಂತೆ ಸಾಲ ಕೊಟ್ಟಿದ್ದರೆ ನಿಯಮ ಮುರಿದದ್ದು ಕೊಟ್ಟವರು.

ಕಂತು ತಪ್ಪುವುದು ಖಚಿತವೆಂದು ಗೊತ್ತಾದ ಕೂಡಲೇ ಶಾಖೆಗೆ ಹೋಗಿ ಬರಹದಲ್ಲಿ ಅವಧಿ ವಿಸ್ತರಣೆ ಕೇಳಿ. 90 ದಿನ ಬಾಕಿಯಾದ ಮೇಲೆ ಖಾತೆ ಅನುತ್ಪಾದಕವಾಗುತ್ತದೆ, ಆಮೇಲೆ ಮ್ಯಾನೇಜರರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಕಂಪೆನಿಯಿಂದ ಸಾಲ ತೆಗೆಯುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ದೂರು ಎಲ್ಲಿ ಕೊಡಬೇಕು?

ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಹಣಕಾಸು ಕಂಪೆನಿಯಾದರೆ ಮೊದಲು ಅವರಿಗೇ ಬರಹದಲ್ಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಮಾಹಿತಿಗೆ 14448. ಸೇವಾ ಸಹಕಾರಿ ಬ್ಯಾಂಕ್ ಆದರೆ ತಾಲೂಕಿನ ಸಹಕಾರಿ ಸಹಾಯಕ ರಿಜಿಸ್ಟ್ರಾರರಿಗೆ, ಅದರ ಮೇಲೆ ಜಿಲ್ಲೆಯ ಜಂಟಿ ರಿಜಿಸ್ಟ್ರಾರರಿಗೆ. ಲೆಕ್ಕದ ತಕರಾರು ಕಾಯ್ದೆಯ 69ನೇ ಸೆಕ್ಷನ್ನಿನಡಿ ಪಂಚಾಯತಿಕೆಗೆ (ಆರ್ಬಿಟ್ರೇಷನ್) ಹೋಗುತ್ತದೆ.

ಸಾಲ ತೀರಿತು. ಇನ್ನೇನಾದರೂ ಮಾಡಲಿಕ್ಕಿದೆಯೇ?

ಕೊನೆಯ ಕಂತಿನ ರಶೀದಿ ಸಾಲದು. ಬಾಕಿ ಇಲ್ಲವೆಂಬ ಪತ್ರ, ಆಧಾರ ಪತ್ರಗಳು, ಕೊಟ್ಟಿದ್ದ ಚೆಕ್ಕುಗಳು ವಾಪಸು ಬರಬೇಕು. ಬ್ಯಾಂಕುಗಳು ಸಾಲ ತೀರಿದ 30 ದಿನದೊಳಗೆ ಆಸ್ತಿಪತ್ರ ಮರಳಿಸಬೇಕು. ತಡಮಾಡಿದರೆ ದಿನಕ್ಕೆ 5,000 ರೂ. ಪರಿಹಾರ. ಸಹಕಾರಿ ಸಂಘದಲ್ಲಿ ಜಾಗಕ್ಕೆ ಗಹಾನ್ ಮಾಡಿಸಿದ್ದರೆ ಅದರ ಬಿಡುಗಡೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿದ್ದಾರೆಯೇ ಎಂದು ವಿಚಾರಿಸಿ. ಒಂದು ತಿಂಗಳು ಬಿಟ್ಟು ಹೊಸ ಋಣಭಾರ ಪತ್ರ ತೆಗೆದು ನೋಡಿ. ಹಲವು ವರ್ಷಗಳ ಮೇಲೆ ಜಾಗ ಪಾಲು ಮಾಡುವಾಗ, ಎಂದೋ ತೀರಿದ ಸಾಲದ ಗಹಾನ್ ಎದುರಾಗಿ, ಹಳೆಯ ರಶೀದಿ ಹುಡುಕುತ್ತಾ ಸಂಘಕ್ಕೆ ಅಲೆಯುವವರು ಕಡಿಮೆಯಿಲ್ಲ. ಸಿಬಿಲ್ ವರದಿಯಲ್ಲೂ ಆ ಸಾಲ ಮುಚ್ಚಿದೆ ಎಂದು ಬಂದಿದೆಯೇ ಎಂಬುದನ್ನು ಎರಡು ತಿಂಗಳೊಳಗೆ ನೋಡಿಕೊಳ್ಳಿ. ಷೇರು ಹಣ ಹಿಂದಕ್ಕೆ ಬೇಕಿದ್ದರೆ ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು.